ಮನೆ ಕಟ್ಟಲು ಯಾರ್ಯಾರು ಬೇಕು, ಯಾವಾಗ ಬೇಕು: ಒಬ್ಬರ ಕೆಲಸ ಇನ್ನೊಬ್ಬರ ಕೈಗೆ ಹೋಗುವ ಮೊದಲು ನೋಡಬೇಕಾದ್ದು

ನಮ್ಮ ಮನೆಯ ಒಂದು ಕೋಣೆಯಲ್ಲಿ ಲೈಟ್ ಹಾಕಬೇಕಾದರೆ ಕತ್ತಲಲ್ಲೇ ಒಳಗೆ ಹೋಗಬೇಕು, ಬಾಗಿಲು ಮುಚ್ಚಬೇಕು, ಆಮೇಲೆ ಗೋಡೆ ತಡವಬೇಕು. ಸ್ವಿಚ್ ಬೋರ್ಡ್ ಇರುವುದು ಬಾಗಿಲ ಹಿಂದೆ. ಎಲೆಕ್ಟ್ರಿಷಿಯನ್ ತಪ್ಪು ಮಾಡಲಿಲ್ಲ. ನಕ್ಷೆಯಲ್ಲಿ ಬಾಗಿಲು ಎಡಗೋಡೆಗೆ ಒರಗುತ್ತಿತ್ತು, ಅವರು ಬಲಗೋಡೆಗೆ ಬಾಕ್ಸ್ ಕೂರಿಸಿದರು. ಬಡಗಿಯೂ ತಪ್ಪು ಮಾಡಲಿಲ್ಲ. ಎಡಗಡೆ ಕಪಾಟು ಬರುತ್ತೆ ಅಂತ ನಾನೇ ಹೇಳಿದ್ದೆ, ಅವರು ಕೀಲನ್ನು ಬಲಕ್ಕೆ ಬದಲಾಯಿಸಿದರು. ಇಬ್ಬರೂ ಸೈಟಿಗೆ ಬಂದಿದ್ದು ಬೇರೆ ಬೇರೆ ತಿಂಗಳಲ್ಲಿ. ಇಬ್ಬರನ್ನೂ ಬಲ್ಲವನು ನಾನೊಬ್ಬನೇ, ನನಗೆ ಹೊಳೆಯಲಿಲ್ಲ.

ಮನೆ ಕಟ್ಟುವಾಗ ಹೆಚ್ಚಿನ ಎಡವಟ್ಟು ಆಗೋದು ಹೀಗೆಯೇ. ಮೇಸ್ತ್ರಿಗೆ ಗಾರೆ ಕೆಲಸ ಗೊತ್ತು, ಪ್ಲಂಬರ್‌ಗೆ ಪೈಪ್ ಗೊತ್ತು. ಇವರ ಕೆಲಸ ಮುಗಿದು ಅವರ ಕೆಲಸ ಶುರುವಾಗುವ ಜಾಗ ಮಾತ್ರ ಯಾರದ್ದೂ ಅಲ್ಲ. ಅಲ್ಲಿ ನಿಲ್ಲೋದೇ ಮನೆ ಯಜಮಾನರ ಕೆಲಸ. ಅದಕ್ಕೇ ಈ ಬರಹವನ್ನು ಯಾರು ಯಾವಾಗ ಬರುತ್ತಾರೆ ಅನ್ನುವ ಕ್ರಮದಲ್ಲಿ ಬರೆದಿದ್ದೇನೆ. ಮುಂದಿನವರು ಬರುವ ಮೊದಲು ಏನು ನೋಡಬೇಕು ಅನ್ನುವುದೂ ಜೊತೆಗಿದೆ.

1. ನಕ್ಷೆಗೂ ಮೊದಲು: ಸರ್ವೆಯರ್ ಮತ್ತು ಮಣ್ಣು ಪರೀಕ್ಷೆಯವರು

ಜಾಗದ ಕಾಗದಪತ್ರ ವಕೀಲರು ನೋಡಿಯಾಯಿತು ಅಂದುಕೊಳ್ಳಿ. ಆಮೇಲೆ ಮೊದಲು ಕರೆಯಬೇಕಾದ್ದು ಸರ್ವೆಯರ್‌ನ. ಕಾಗದದಲ್ಲಿರುವ ಅಳತೆ ನೆಲದ ಮೇಲೂ ಇದೆಯಾ, ಗಡಿ ಎಲ್ಲಿ, ನಾಲ್ಕು ಮೂಲೆಗಳಲ್ಲಿ ಯಾವುದು ತಗ್ಗು, ರಸ್ತೆಗಿಂತ ಜಾಗ ಎಷ್ಟು ಕೆಳಗಿದೆ, ಇಷ್ಟನ್ನು ಬರೆಸಿಕೊಳ್ಳಿ. ಮೂಲೆಗಳ ಮಟ್ಟ ಗೊತ್ತಿಲ್ಲದೆ ನಕ್ಷೆ ಬರೆದರೆ ಮಳೆನೀರು ಎಲ್ಲಿಗೆ ಹೋಗಬೇಕು ಅನ್ನೋದು ಮನೆ ಮುಗಿದ ಮೇಲೆ ಗೊತ್ತಾಗುತ್ತದೆ.

ಮಣ್ಣು ಪರೀಕ್ಷೆಯನ್ನು ತುಂಬಾ ಜನ ಬಿಟ್ಟೇ ಬಿಡುತ್ತಾರೆ. 'ಪಕ್ಕದವರು ನಾಲ್ಕಡಿ ಅಗೆದರು, ನಮಗೂ ಅಷ್ಟೇ ಸಾಕು' ಅನ್ನೋ ಲೆಕ್ಕ. ಪಕ್ಕದವರ ಜಾಗದಲ್ಲಿ ಗಟ್ಟಿ ನೆಲವಿದ್ದು, ನಿಮ್ಮದರಲ್ಲಿ ಯಾವುದೋ ಕಾಲದ ಗುಂಡಿ ಮುಚ್ಚಿದ ಮಣ್ಣು ಇರಬಹುದು. ಹೊರಗಿನಿಂದ ತಂದು ತುಂಬಿಸಿದ ಮಣ್ಣಿನ ಮೇಲೆ ಪಾಯ ಕೂರಿಸಿದರೆ ಮನೆಯ ಒಂದು ಭಾಗ ಮಾತ್ರ ಕುಸಿಯುತ್ತದೆ, ಗೋಡೆಯಲ್ಲಿ ಓರೆ ಬಿರುಕು ಬರುತ್ತದೆ. ಜೇಡಿ ಮಣ್ಣು ಇನ್ನೊಂದು ತರಹ. ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಒಂದೆರಡು ಕಡೆ ಕೊರೆದು ಮಣ್ಣು ತೆಗೆದು, ಎಷ್ಟು ಆಳದಲ್ಲಿ ಎಷ್ಟು ಭಾರ ತಾಳುತ್ತದೆ, ನೀರು ಎಷ್ಟು ಕೆಳಗಿದೆ ಅಂತ ಬರೆದುಕೊಡುತ್ತಾರೆ. ಆ ವರದಿ ನೇರವಾಗಿ ಸ್ಟ್ರಕ್ಚರಲ್ ಎಂಜಿನಿಯರ್ ಕೈ ಸೇರಬೇಕು. ಕಪಾಟಿನಲ್ಲಿಟ್ಟರೆ ಪ್ರಯೋಜನ ಇಲ್ಲ.

2. ಆರ್ಕಿಟೆಕ್ಟ್ ಮತ್ತು ಸ್ಟ್ರಕ್ಚರಲ್ ಎಂಜಿನಿಯರ್: ಇಬ್ಬರೂ ಒಂದೇ ಅಲ್ಲ

ಮನೆಯೊಳಗೆ ನೀವು ಹೇಗೆ ಓಡಾಡುತ್ತೀರಿ, ಬೆಳಕು ಎಲ್ಲಿಂದ ಬರಬೇಕು, ಅಡುಗೆಮನೆಯಲ್ಲಿ ನಿಂತವರಿಗೆ ಏನು ಕಾಣಬೇಕು, ಇದು ಆರ್ಕಿಟೆಕ್ಟ್ ಯೋಚನೆ. ಆ ಮನೆ ಬೀಳದೆ ನಿಲ್ಲಬೇಕಾದರೆ ಕಂಬ ಎಲ್ಲಿ, ಬೀಮ್ (ಕಾಂಕ್ರೀಟಿನ ಅಡ್ಡ ತೊಲೆ) ಎಷ್ಟು ದಪ್ಪ, ಅದರೊಳಗೆ ಎಷ್ಟು ಕಂಬಿ, ಇದು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ. 'ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ ಸಾರ್' ಅನ್ನುವವರು ಸಿಗುತ್ತಾರೆ. ಆಗ ಒಂದೇ ಪ್ರಶ್ನೆ ಕೇಳಿ: ಕಂಬಿಯ ನಕ್ಷೆಗೆ ಸಹಿ ಹಾಕುವವರು ಯಾರು? ಉತ್ತರ ತೇಲಿದರೆ ಬೇರೆಯವರನ್ನು ನೋಡಿ.

ಆರ್ಕಿಟೆಕ್ಟ್ ಹತ್ತಿರ ಹೋಗುವಾಗ ಇಂಟರ್ನೆಟ್ ಚಿತ್ರಗಳಿಗಿಂತ ನಿಮ್ಮ ದಿನಚರಿ ಬರೆದುಕೊಂಡು ಹೋಗಿ. ಬೆಳಿಗ್ಗೆ ಎಷ್ಟು ಜನಕ್ಕೆ ಒಟ್ಟಿಗೆ ಬಚ್ಚಲು ಬೇಕು, ಮೆಟ್ಟಿಲು ಹತ್ತಲಾಗದವರು ಇದ್ದಾರಾ, ಈಗಿರುವ ಮಂಚ ಮತ್ತು ಕಪಾಟಿನ ಅಳತೆ ಏನು. ಶುಲ್ಕ ಮಾತಾಡುವಾಗ ಒಂದು ವಿಷಯ ಬಿಡಿಸಿ ಕೇಳಿ. ಅನುಮತಿಗೆ ಕೊಡುವ ನಕ್ಷೆ ಬೇರೆ, ಕಟ್ಟುವುದಕ್ಕೆ ಬೇಕಾದ ನಕ್ಷೆ ಬೇರೆ. ಎರಡನೆಯದರಲ್ಲಿ ಬಾಗಿಲು ಕಿಟಕಿಗಳ ಪಟ್ಟಿ, ಪೀಠೋಪಕರಣ ಇಟ್ಟು ತೋರಿಸಿದ ಎಲೆಕ್ಟ್ರಿಕಲ್ ನಕ್ಷೆ, ನೀರಿನ ಪೈಪ್ ಮತ್ತು ಕೊಳಚೆ ಪೈಪ್ ದಾರಿ, ಮೆಟ್ಟಿಲನ್ನು ಸೀಳಿದಂತೆ ಬದಿಯಿಂದ ತೋರಿಸುವ ನೋಟ, ಎಲ್ಲವೂ ಇರಬೇಕು. ಶುಲ್ಕದಲ್ಲಿ ಎಷ್ಟು ಸಲ ಸೈಟಿಗೆ ಬರುತ್ತಾರೆ ಅನ್ನೋದನ್ನೂ ಬರೆಸಿ.

ಇಲ್ಲಿ ಕೈ ಬದಲಾಗುವಾಗ ಆಗುವ ಎಡವಟ್ಟು ಅಂದರೆ, ಕಪಾಟು ಬರಬೇಕಾದ ಕಡೆ ಕಂಬ ಮೂಗು ಚಾಚಿಕೊಂಡು ನಿಲ್ಲುವುದು. ಅಥವಾ ಕೊಳಚೆ ಪೈಪ್ ಇಳಿಯಬೇಕಾದ ಜಾಗದಲ್ಲೇ ಬೀಮ್ ಇರುವುದು. ಕೊನೆಯ ನಕ್ಷೆಗೆ ಮೊದಲು ಇಬ್ಬರನ್ನೂ ಒಂದು ಮೇಜಿಗೆ ಕೂರಿಸಿ, ಒಂದರ ಮೇಲೊಂದು ನಕ್ಷೆ ಇಟ್ಟು ನೋಡಿಸಿ. ಅರ್ಧ ದಿನದ ಕೆಲಸ.

3. ಕಂಟ್ರಾಕ್ಟರ್: ಮಾತು ಬಾಯಲ್ಲಿ ಬೇಡ

ಒಪ್ಪಂದದಲ್ಲಿ ನಾಲ್ಕು ಬಗೆ ಜಾಸ್ತಿ ಕಾಣುತ್ತವೆ. ಇಡೀ ಮನೆಗೆ ಇಷ್ಟು ಅಂತ ಒಂದೇ ಮೊತ್ತ. ಮಾಡಿದ ಕೆಲಸವನ್ನು ಅಳೆದು, ಬಾಬ್ತಿಗೆ ಇಷ್ಟು ಅಂತ ದರ. ಸಾಮಾನು ನಿಮ್ಮದು, ಕೂಲಿ ಮಾತ್ರ ಅವರದು. ಖರ್ಚಾದಷ್ಟು ಮತ್ತು ಅದರ ಮೇಲೆ ಇಷ್ಟು ಭಾಗ ಅವರ ಸಂಭಾವನೆ. ನಕ್ಷೆ ಪೂರ್ತಿ ಆಗಿದ್ದು, ಮಧ್ಯೆ ಮನಸ್ಸು ಬದಲಾಯಿಸದವರಿಗೆ ಮೊದಲನೆಯದು ನೆಮ್ಮದಿ. ಆದರೆ ಅಂಥವರು ಎಷ್ಟು ಜನ ಇದ್ದಾರೆ, ಅಲ್ವಾ? ಕೂಲಿ ಮಾತ್ರದ ಒಪ್ಪಂದದಲ್ಲಿ ಉಳಿತಾಯ ಕಾಣುತ್ತದೆ. ಆದರೆ ದಿನಾ ಬೆಳಿಗ್ಗೆ 'ಸಿಮೆಂಟ್ ಮುಗೀತು' ಅನ್ನೋ ಫೋನ್ ನಿಮಗೇ ಬರುತ್ತದೆ. ಬೇರೆ ಕೆಲಸ ಇಟ್ಟುಕೊಂಡು ಇದನ್ನು ನಿಭಾಯಿಸೋದು ಕಷ್ಟ.

ಯಾವುದೇ ಬಗೆ ಇರಲಿ, ಕೆಲಸದ ಪಟ್ಟಿ ಮತ್ತು ಪ್ರಮಾಣ ಕಾಗದದ ಮೇಲೆ ಇರಬೇಕು. ಸಿಮೆಂಟ್, ಕಂಬಿ, ವೈರ್, ಪೈಪ್ ಯಾವ ದರ್ಜೆ ಅಂತ ಬರೆದಿರಬೇಕು. ಹಣ ತಾರೀಖಿನ ಲೆಕ್ಕದಲ್ಲಿ ಕೊಡಬೇಡಿ, ಮುಗಿದ ಹಂತದ ಲೆಕ್ಕದಲ್ಲಿ ಕೊಡಿ. ಪ್ರತಿ ಬಿಲ್ಲಿನಲ್ಲಿ ನೂರಕ್ಕೆ 5ರಿಂದ 10ರಷ್ಟು ಹಿಡಿದಿಟ್ಟು, ಮನೆ ಒಂದು ಮಳೆಗಾಲ ಕಂಡ ಮೇಲೆ ಬಿಡುಗಡೆ ಮಾಡುವ ಮಾತು ಮೊದಲೇ ಆಗಲಿ. 'ಇದೊಂದು ಸಣ್ಣ ಬದಲಾವಣೆ' ಅನ್ನೋದಕ್ಕೂ ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಿ. ಸ್ನೇಹಿತರೇ ಕಂಟ್ರಾಕ್ಟರ್ ಆಗಿದ್ದರಂತೂ ಕಡ್ಡಾಯ.

ಕಟ್ಟಿಸುವವರಿಗೂ ಕಟ್ಟುವವರಿಗೂ ನಡುವಿನ ಜಗಳ ಹೊಸದೇನಲ್ಲ. ಸುಮಾರು 3,700 ವರ್ಷ ಹಿಂದೆ ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಬರೆಸಿದ ಕಾನೂನಿನಲ್ಲಿ ಮನೆ ಕಟ್ಟುವವರ ಮೇಲೆ ಹಲವು ಕಲಂ ಇವೆ. ಗೋಡೆ ವಾಲಿದರೆ ಕಟ್ಟಿದವನೇ ಸ್ವಂತ ಖರ್ಚಿನಲ್ಲಿ ಗಟ್ಟಿ ಮಾಡಿಕೊಡಬೇಕು. ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ನಾವು ನೂರಕ್ಕೆ ಹತ್ತು ಹಿಡಿದಿಟ್ಟುಕೊಂಡರೆ ಸಾಕು.

ಸೈಟ್ ನೋಡಿಕೊಳ್ಳುವ ಎಂಜಿನಿಯರ್ ಒಬ್ಬರು ಬೇಕೇ ಬೇಕು. ಅವರ ಸಂಬಳ ನಿಮ್ಮ ಕೈಯಿಂದ ಹೋಗಲಿ, ಕಂಟ್ರಾಕ್ಟರ್ ಕೈಯಿಂದ ಬೇಡ. ದಿನವಿಡೀ ಇರಬೇಕಿಲ್ಲ. ಕಾಂಕ್ರೀಟ್ ಹಾಕುವ ಹಿಂದಿನ ದಿನ ಮತ್ತು ಆ ದಿನ ಇದ್ದರೆ ಮುಕ್ಕಾಲು ಕೆಲಸ ಆದಂತೆ.

4. ಗುರುತು ಹಾಕುವುದು, ಪಾಯ

ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವ ದಿನ ನೀವು ಅಲ್ಲಿರಿ. ಕೈಯಲ್ಲಿ ಟೇಪ್ ಇರಲಿ. 30 ಅಡಿಗೆ 40 ಅಡಿ ಚೌಕಟ್ಟಿನ ಮೂಲೆಗಳು ಲಂಬವಾಗಿದ್ದರೆ ಎರಡೂ ಕರ್ಣ 50 ಅಡಿ ಬರಬೇಕು. ಒಂದು 49 ಅಡಿ 10 ಇಂಚು, ಇನ್ನೊಂದು 50 ಅಡಿ 2 ಇಂಚು ಬಂದರೆ ಮೂಲೆ ವಕ್ರ. ಈಗ ಗೂಟ ಕಿತ್ತು ಸರಿಸಿದರೆ ಮುಗೀತು. ಆರು ತಿಂಗಳಾದ ಮೇಲೆ ಟೈಲ್ಸ್ ಹಾಕುವವರು ಗೋಡೆ ಪಕ್ಕ ತ್ರಿಕೋನದ ತುಂಡು ಕತ್ತರಿಸುತ್ತಾ ಕೂರುವುದು ಈ ನಾಲ್ಕು ಇಂಚಿನ ವ್ಯತ್ಯಾಸದಿಂದಲೇ.

ಗುಂಡಿ ತೋಡಿದ ಮೇಲೆ ಕಾಂಕ್ರೀಟ್ ಬೀಳುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ತಳ ನೋಡಬೇಕು. ವರದಿಯಲ್ಲಿ ಹೇಳಿದ ಮಣ್ಣೇ ಸಿಕ್ಕಿದೆಯಾ ಅಂತ. ಪಾಯದ ಮೇಲೆ ನೆಲಮಟ್ಟದಲ್ಲಿ ಬರುವ ಪ್ಲಿಂತ್ ಬೀಮ್ ಹಾಕುವ ಮೊದಲು ಪ್ಲಂಬರ್ ಒಂದು ಸಲ ಬರಲಿ. ಕೊಳಚೆ ಪೈಪ್ ಹೊರಗೆ ಹೋಗುವ ಕಡೆ ದೊಡ್ಡ ಪೈಪಿನ ತುಂಡು ಇಟ್ಟುಬಿಟ್ಟರೆ ಆಮೇಲೆ ಬೀಮ್ ಒಡೆಯುವ ಕರ್ಮ ತಪ್ಪುತ್ತದೆ. ಗೆದ್ದಲು ಮದ್ದು ಹೊಡೆಯುವವರ ಸರದಿಯೂ ಇಲ್ಲೇ, ನೆಲದ ಕಾಂಕ್ರೀಟ್ ಬೀಳುವ ಮೊದಲು.

5. ಸೆಂಟ್ರಿಂಗ್, ಕಂಬಿ, ಕಾಂಕ್ರೀಟ್

ಇಲ್ಲಿ ಸ್ವಲ್ಪ ನಿಧಾನ ಓದಿ. ಉಳಿದ ತಪ್ಪುಗಳನ್ನು ಹಣ ಕೊಟ್ಟು ಸರಿ ಮಾಡಬಹುದು, ಇಲ್ಲಿನ ತಪ್ಪನ್ನು ಸರಿ ಮಾಡೋದು ಕಷ್ಟ.

ತಾರಸಿ ಹಾಕುವಾಗ ನಾಲ್ಕು ಗುಂಪಿನವರು ಒಂದೇ ಜಾಗದಲ್ಲಿ ಕೆಲಸ ಮಾಡುತ್ತಾರೆ. ಸೆಂಟ್ರಿಂಗ್‌ನವರು ಹಲಗೆ ಮತ್ತು ಆಸರೆ ಕಂಬ ನಿಲ್ಲಿಸುತ್ತಾರೆ. ಕಂಬಿ ಕಟ್ಟುವವರು ಬರುತ್ತಾರೆ. ಅವರ ಹಿಂದೆ ಎಲೆಕ್ಟ್ರಿಷಿಯನ್ ಫ್ಯಾನ್ ಬಾಕ್ಸ್ ಮತ್ತು ಪೈಪ್ ಕೂರಿಸುತ್ತಾರೆ. ಕೊನೆಗೆ ಕಾಂಕ್ರೀಟ್‌ನವರು. ಪ್ರತಿಯೊಬ್ಬರೂ ಹಿಂದಿನವರ ಕೆಲಸದ ಮೇಲೆ ಕಾಲಿಟ್ಟೇ ನಡೆಯಬೇಕು. ಕಂಬಿ ಕೆಳಗೆ ಕವರ್ ಬ್ಲಾಕ್ ಅಂತ ಪುಟ್ಟ ಕಾಂಕ್ರೀಟ್ ತುಂಡು ಇಡುತ್ತಾರೆ. ಅದರ ದಪ್ಪ ತಾರಸಿಯಲ್ಲಿ ಸಾಮಾನ್ಯವಾಗಿ 20 ಮಿ.ಮೀ., ಕಂಬದಲ್ಲಿ 40. ಅದು ಜಾರಿದರೆ ಕಂಬಿ ಹಲಗೆಗೆ ಅಂಟಿಕೊಳ್ಳುತ್ತದೆ. ಕೆಲವು ವರ್ಷಕ್ಕೆ ತುಕ್ಕು ಹಿಡಿದು ಉಬ್ಬಿ, ಸೀಲಿಂಗ್‌ನಿಂದ ಚಕ್ಕೆ ಉದುರುತ್ತದೆ.

ಬಾಲ್ಕನಿ ಇದ್ದರೆ ಇನ್ನೊಂದು ವಿಷಯ. ಗೋಡೆಯಿಂದ ಹೊರಗೆ ಚಾಚಿದ ತಾರಸಿಯಲ್ಲಿ ಮುಖ್ಯ ಕಂಬಿ ಇರಬೇಕಾದ್ದು ಮೇಲೆ, ಕೆಳಗಲ್ಲ. ಯಾಕೆಂದರೆ ಅದು ಬಾಗುವಾಗ ಎಳೆತ ಬೀಳುವುದು ಮೇಲ್ಭಾಗಕ್ಕೆ. ಕಂಬಿಯವರು ಸರಿಯಾಗಿ ಮೇಲೇ ಕಟ್ಟಿರುತ್ತಾರೆ. ಕಾಂಕ್ರೀಟ್ ಬಾಂಡ್ಲಿ ಹೊತ್ತವರು ಇಡೀ ದಿನ ಅದನ್ನೇ ತುಳಿದು ತುಳಿದು ಕೆಳಗೆ ಕೂರಿಸಿಬಿಡುತ್ತಾರೆ. ಸಂಜೆಗೆ ಬಾಲ್ಕನಿ ನೋಡೋಕೆ ಚೆನ್ನಾಗೇ ಇರುತ್ತದೆ. ಒಳಗೆ ಬಲ ಇರುವುದಿಲ್ಲ. ಇದಕ್ಕೆ ಮದ್ದು ಸುಲಭ. ಕಂಬಿ ಕೆಳಗೆ ಕುರ್ಚಿ ಆಕಾರಕ್ಕೆ ಬಾಗಿಸಿದ ಕಂಬಿ ತುಂಡುಗಳನ್ನು ಒತ್ತಾಗಿ ಇಡಿಸಿ, ಓಡಾಡಲು ಮೇಲೆ ಹಲಗೆ ಹಾಸಿಸಿ.

ಇನ್ನು ನೀರು. ಕಾಂಕ್ರೀಟ್‌ನಲ್ಲಿ ಸಿಮೆಂಟಿಗೆ ಹೋಲಿಸಿದರೆ ನೀರು ಜಾಸ್ತಿಯಾದಷ್ಟೂ ಬಲ ಕಡಿಮೆ. ಇದನ್ನು ಅಮೆರಿಕದ ಎಂಜಿನಿಯರ್ ಡಫ್ ಏಬ್ರಮ್ಸ್ 1918ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಈ ನಿಯಮಕ್ಕೆ ನೂರು ವರ್ಷ ದಾಟಿದರೂ ಸೈಟಿನಲ್ಲಿ ಹೋಸ್ ಪೈಪ್ ಹಿಡಿದು 'ಸ್ವಲ್ಪ ಸಡಿಲ ಮಾಡಿ' ಅನ್ನೋದು ನಿಂತಿಲ್ಲ. 50 ಕೆ.ಜಿ. ಸಿಮೆಂಟ್ ಮೂಟೆಗೆ 25 ಲೀಟರ್ ಆಸುಪಾಸು ನೀರು, ಅದರಲ್ಲಿ ಮರಳಿನ ಒದ್ದೆಯೂ ಸೇರುತ್ತದೆ. ಗಟ್ಟಿಯಿದ್ದು ಸರಿಯಾಗಿ ಕೂರುತ್ತಿಲ್ಲ ಅನಿಸಿದರೆ ವೈಬ್ರೇಟರ್ (ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ಯಂತ್ರ) ಬಳಸಬೇಕು. ವೈಬ್ರೇಟರ್ ಎರಡಿರಲಿ, ಒಂದು ಕೆಡುವುದು ಆ ದಿನವೇ.

ಮೆಟ್ಟಿಲು ಹಾಕುವಾಗ ಟೈಲ್ಸ್ ದಪ್ಪ ಕೇಳಿ. ಸುಮ್ನೆ ಹೇಳುತ್ತಿಲ್ಲ, ಲೆಕ್ಕ ನೋಡಿ. ಎಲ್ಲಾ ಮೆಟ್ಟಿಲೂ 6 ಇಂಚು ಎತ್ತರ ಅಂತ ಕಾಂಕ್ರೀಟ್ ಹಾಕಿದರು. ಆಮೇಲೆ ಎರಡೂ ಮಹಡಿಯ ನೆಲಕ್ಕೆ ಗಾರೆ ಸೇರಿ ಎರಡೂವರೆ ಇಂಚು ಬಂತು, ಮೆಟ್ಟಿಲ ಮೇಲೆ ಒಂದಿಂಚು ಕಲ್ಲು ಬಂತು. ಈಗ ಕೆಳಗಿನ ಮೊದಲ ಮೆಟ್ಟಿಲು ನಾಲ್ಕೂವರೆ ಇಂಚು, ನಡುವಿನವು ಆರು, ಕೊನೆಯದು ಏಳೂವರೆ. ಕಾಲು ಲೆಕ್ಕ ಇಟ್ಟುಕೊಂಡಿರುತ್ತದೆ, ಕೊನೆಯ ಮೆಟ್ಟಿಲಲ್ಲಿ ಎಡವುತ್ತದೆ. ಸೆಂಟ್ರಿಂಗ್‌ನವರಿಗೆ ಟೈಲ್ಸ್ ವಿಷಯ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಕಾಂಕ್ರೀಟ್ ಮುಗಿದ ಮೇಲೆ ನೀರು ಕಟ್ಟುವ ಕೆಲಸ ಯಾರದ್ದು ಅಂತ ಹೆಸರು ಹಿಡಿದು ಹೇಳಿ. 'ಎಲ್ಲರೂ ನೋಡಿಕೊಳ್ಳಿ' ಅಂದರೆ ಯಾರೂ ನೋಡುವುದಿಲ್ಲ. ಕಡಿಮೆ ಅಂದರೂ 7 ದಿನ, ಬೂದಿ ಬೆರೆತ ಸಿಮೆಂಟಾದರೆ 10ರಿಂದ 14 ದಿನ ಒದ್ದೆಯಾಗಿರಬೇಕು. ಬೀಮಿನ ಪಕ್ಕದ ಹಲಗೆಯನ್ನು ಒಂದು ದಿನದ ಮೇಲೆ ತೆಗೆಯಬಹುದು. ತಾರಸಿ ಕೆಳಗಿನ ಆಸರೆ 7ರಿಂದ 14 ದಿನ, ಉದ್ದ ಬೀಮಿನ ಕೆಳಗಿನದ್ದು 21 ದಿನ. ಚಳಿಯಲ್ಲಿ ಇನ್ನೂ ಜಾಸ್ತಿ. ಸೆಂಟ್ರಿಂಗ್‌ನವರಿಗೆ ಆ ಹಲಗೆ ಇನ್ನೊಂದು ಸೈಟಿಗೆ ಬೇಕಿರುತ್ತದೆ, ಅವಸರ ಮಾಡುತ್ತಾರೆ. ತೆಗೆಯಿರಿ ಅನ್ನುವ ಮಾತು ಎಂಜಿನಿಯರ್ ಬಾಯಿಂದಲೇ ಬರಲಿ.

6. ಗೋಡೆ, ಕೊರೆತ, ಗಾರೆ

ಮೇಸ್ತ್ರಿ ಒಳ್ಳೆಯವರಾ ಅಂತ ತಿಳಿಯಲು ಅವರ ಗೋಡೆಗಿಂತ ಅವರ ಸಲಕರಣೆ ನೋಡಿ. ದಾರ ಕಟ್ಟಿ, ಪ್ರತಿ ಮೂರ್ನಾಲ್ಕು ವರಸೆಗೆ ತೂಗುಗುಂಡು ಬಿಟ್ಟು, ರಸಮಟ್ಟ ಇಟ್ಟು ನೋಡುವವರು ಸಿಕ್ಕಿದರೆ ಬಿಡಬೇಡಿ. ಸುಟ್ಟ ಇಟ್ಟಿಗೆಯನ್ನು ಕಟ್ಟುವ ಮೊದಲು ನೆನೆಸಬೇಕು, ಇಲ್ಲದಿದ್ದರೆ ಗಾರೆಯ ನೀರನ್ನು ಅದೇ ಹೀರಿಕೊಳ್ಳುತ್ತದೆ. ಹಗುರ ಕಾಂಕ್ರೀಟ್ ಬ್ಲಾಕನ್ನು ಹಾಗೆ ಮುಳುಗಿಸಿಡಬಾರದು. ಒಂದು ದಿನಕ್ಕೆ ಐದಡಿಗಿಂತ ಎತ್ತರ ಗೋಡೆ ಏಳಿಸಬಾರದು.

ಗೋಡೆ ಎದ್ದ ಮೇಲೆ ಎಲೆಕ್ಟ್ರಿಷಿಯನ್, ಪ್ಲಂಬರ್ ಬಂದು ಕೊರೆಯುತ್ತಾರೆ. ಮಷಿನ್‌ನಲ್ಲಿ ಗೆರೆ ಕತ್ತರಿಸಿ ಕೊರೆಯಲಿ, ಸುತ್ತಿಗೆಯಲ್ಲಿ ಗುದ್ದುವುದು ಬೇಡ. ಕಂಬ ಮತ್ತು ಬೀಮ್ ಮುಟ್ಟಲೇ ಕೂಡದು. ನನ್ನ ಬಾಗಿಲ ಕಥೆ ಇಲ್ಲಿಗೇ ಸೇರಿದ್ದು. ಕೊರೆಯುವ ಮುನ್ನಾ ದಿನ ಬಡಗಿಯನ್ನೂ ಕರೆಸಿ, ಪ್ರತಿ ಬಾಗಿಲ ಪಕ್ಕ ಕೀಲು ಎಲ್ಲಿ, ಬೀಗ ಎಲ್ಲಿ ಅಂತ ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಬರೆಸಿ. ಮಂಚ, ಕಪಾಟು, ಟಿವಿ, ಫ್ರಿಜ್ ಎಲ್ಲವನ್ನೂ ಗೋಡೆ ಮತ್ತು ನೆಲದ ಮೇಲೆ ಗುರುತು ಹಾಕಿ. ಆಮೇಲೆ ಸ್ವಿಚ್ ಜಾಗ ತೀರ್ಮಾನ ಮಾಡಿ.

ಕೊಳಚೆ ಪೈಪ್ ಇಳಿಜಾರು 10 ಅಡಿಗೆ ಒಂದೂವರೆಯಿಂದ ಮೂರು ಇಂಚಿನೊಳಗೆ ಇರಲಿ. ನೀರಿನ ಪೈಪುಗಳಿಗೆ ಕೈಪಂಪ್ ಕಟ್ಟಿ ಒತ್ತಡ ಏರಿಸಿ, ಗೇಜಿನ ಮುಳ್ಳಿನ ಫೋಟೊ ತೆಗೆಯಿರಿ. ಕೆಲವು ಗಂಟೆ ಬಿಟ್ಟು ಮತ್ತೆ ನೋಡಿ. ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ವಿದ್ಯುತ್ತಿನಲ್ಲಿ ಭೂಸಂಪರ್ಕ (ಅರ್ಥಿಂಗ್) ಮತ್ತು 30 ಮಿಲಿಆಂಪಿಯರ್ ಸೋರಿಕೆಗೆ ತಾನೇ ಕಡಿತವಾಗುವ ಬ್ರೇಕರ್, ಇವೆರಡರಲ್ಲಿ ಉಳಿತಾಯ ಮಾಡಬೇಡಿ.

ಗಾರೆ ಬಳಿಯುವ ಮೊದಲು ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೊ ತೆಗೆಯಿರಿ. ಪೈಪ್ ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣಬೇಕು. ಮುಂದೆ ಗೋಡೆಗೆ ಮೊಳೆ ಹೊಡೆಯುವಾಗಲೆಲ್ಲ ನಿಮಗೆ ನೀವೇ ಥ್ಯಾಂಕ್ಸ್ ಹೇಳಿಕೊಳ್ಳುತ್ತೀರಿ. ಇಟ್ಟಿಗೆ ಮತ್ತು ಕಾಂಕ್ರೀಟ್ ಸೇರುವ ಗೆರೆಗೆ ಜಾಲರಿ ಹೊಡೆಸಿ, ಇಲ್ಲದಿದ್ದರೆ ಅದೇ ಗೆರೆಯಲ್ಲಿ ಬಿರುಕು ಖಾಯಂ.

7. ಬಚ್ಚಲು: ನಾಲ್ವರ ಕೈ ದಾಟುವ ಪುಟ್ಟ ಕೋಣೆ

ಇಡೀ ಮನೆಯಲ್ಲಿ ಚದರಡಿ ಲೆಕ್ಕದಲ್ಲಿ ಜಾಸ್ತಿ ಜನ ಕೆಲಸ ಮಾಡುವುದು ಇಲ್ಲಿ. ಪ್ಲಂಬರ್ ನೆಲದ ನೀರು ಹೊರಹೋಗುವ ಟ್ರ್ಯಾಪ್ ಕೂರಿಸುತ್ತಾರೆ. ವಾಟರ್‌ಪ್ರೂಫಿಂಗ್‌ನವರು ನೆಲಕ್ಕೂ, ಗೋಡೆಯ ಬುಡಕ್ಕೂ ಲೇಪ ಹಚ್ಚುತ್ತಾರೆ. ಪೈಪಿಗಾಗಿ ತಗ್ಗಿಸಿಟ್ಟ ನೆಲವನ್ನು ಗಾರೆಯವರು ತುಂಬುತ್ತಾರೆ. ಟೈಲ್ಸ್‌ನವರು ಇಳಿಜಾರು ಕೊಡುತ್ತಾರೆ. ಮತ್ತೆ ಪ್ಲಂಬರ್ ಬಂದು ನಲ್ಲಿ ಕೂರಿಸಲು ತೂತು ಕೊರೆಯುತ್ತಾರೆ. ಸೋರಿದರೆ ನಾಲ್ವರಲ್ಲಿ ಪ್ರತಿಯೊಬ್ಬರೂ ಉಳಿದ ಮೂವರ ಕಡೆ ಕೈ ತೋರಿಸುತ್ತಾರೆ, ಸಾಬೀತು ಮಾಡಲು ದಾರಿಯೇ ಇರುವುದಿಲ್ಲ.

ಹಾಗಾಗಿ ನಡುನಡುವೆ ಪರೀಕ್ಷೆ ಇಡಿ. ಲೇಪ ಒಣಗಿದ ಮೇಲೆ ಟ್ರ್ಯಾಪ್ ಬಾಯಿ ಮುಚ್ಚಿ, ಎರಡಿಂಚು ನೀರು ನಿಲ್ಲಿಸಿ, ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. 24ರಿಂದ 48 ಗಂಟೆ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ. ಒದ್ದೆ ಕಾಣದಿದ್ದರೆ ಮಾತ್ರ ಮುಂದಿನವರು ಒಳಗೆ ಬರಲಿ. ತಗ್ಗು ತುಂಬಲು ಸೈಟಿನ ಕಸ, ಒಡೆದ ಇಟ್ಟಿಗೆ ಸುರಿಯುವುದನ್ನು ತಡೆಯಿರಿ. ಅದರ ಚೂಪು ಮೂಲೆ ಲೇಪವನ್ನು ಹರಿಯುತ್ತದೆ. ಟೈಲ್ಸ್ ಹಾಕಿದ ಮೇಲೆ ಒಂದು ಬಕೆಟ್ ನೀರು ಬಾಗಿಲ ಹತ್ತಿರ ಸುರಿಯಿರಿ. ಐದು ಅಡಿಗೆ ಮುಕ್ಕಾಲು ಇಂಚಾದರೂ ಇಳಿಜಾರಿದ್ದರೆ ನೀರು ಮೂಲೆಯಲ್ಲಿ ನಿಲ್ಲದೆ ಟ್ರ್ಯಾಪ್ ಕಡೆ ಓಡುತ್ತದೆ. ನಿಂತರೆ ಅಂದೇ ಕಿತ್ತು ಹಾಕಿಸಿ, ಗಾರೆ ಹಸಿಯಿರುವಾಗ ಸುಲಭ.

8. ಕೊನೆಯವರು

ಕಿಟಕಿ ಗ್ರಿಲ್, ರೇಲಿಂಗ್ ಮಾಡುವವರು ನಕ್ಷೆ ಅಳತೆ ನಂಬಬಾರದು, ಗಾರೆ ಆದ ಮೇಲೆ ಗೋಡೆಯಲ್ಲೇ ಅಳೆಯಬೇಕು. ಬಡಗಿಗೂ ಅದೇ ಮಾತು. ಬಾಗಿಲ ಕೆಳಗಿನ ಸಂದು ಟೈಲ್ಸ್ ಆದ ಮೇಲಿನ ನೆಲದಿಂದ ಲೆಕ್ಕ.

ಪಾಪ, ಎಲ್ಲರ ತಪ್ಪೂ ಕೊನೆಗೆ ಪೇಂಟರ್ ತಲೆಗೆ ಬರುತ್ತದೆ. ಗಾರೆ ಒಣಗಲು ಸುಮಾರು ಒಂದು ತಿಂಗಳು ಬಿಡದಿದ್ದರೆ ಬಣ್ಣ ಉಬ್ಬುತ್ತದೆ, ಬೈಗುಳ ಮಾತ್ರ ಅವರಿಗೆ. ಪುಟ್ಟಿ, ಪ್ರೈಮರ್, ಒಂದು ಕೋಟ್ ಆದ ಮೇಲೆ ಅವರನ್ನು ಕಳಿಸಿಬಿಡಿ. ಸ್ವಿಚ್, ಫ್ಯಾನ್, ಬಾಗಿಲು, ನಲ್ಲಿ ಎಲ್ಲಾ ಕೂತು, ಎಲ್ಲರ ಕೈಗುರುತೂ ಗೋಡೆಗೆ ಬಿದ್ದಾದ ಮೇಲೆ ಕೊನೆಯ ಕೋಟ್‌ಗೆ ಕರೆಯಿರಿ.

ಕೀಲಿ ತೆಗೆದುಕೊಳ್ಳುವ ದಿನ ಒಂದು ಮೊಬೈಲ್ ಚಾರ್ಜರ್, ಒಂದು ಬಕೆಟ್, ಒಂದು ಗೋಲಿ, ಒಂದು ನೋಟ್‌ಬುಕ್ ಹಿಡಿದು ಹೋಗಿ. ಚಾರ್ಜರನ್ನು ಎಲ್ಲಾ ಸಾಕೆಟ್‌ಗೂ ಹಾಕಿ ನೋಡಿ. ಬಕೆಟ್ ನೀರು ಬಚ್ಚಲು, ಬಾಲ್ಕನಿ, ತಾರಸಿಗೆ. ಗೋಲಿ ಎಲ್ಲಾ ಬಾಲ್ಕನಿಯಲ್ಲೂ ಬಿಡಿ, ಅದು ಮನೆಯ ಕಡೆ ಉರುಳಿದರೆ ಬರೆದುಕೊಳ್ಳಿ. ಎಲ್ಲಾ ಬಾಗಿಲೂ ಒಂದು ಸಲ ಪೂರ್ತಿ ತೆರೆದು, ಅದರ ಹಿಂದೆ ಏನಿದೆ ಅಂತ ನೋಡಿ. ಆ ಪಟ್ಟಿಗೆ ಕಂಟ್ರಾಕ್ಟರ್ ಸಹಿ ಹಾಕಿಸಿಕೊಂಡು, ಹಿಡಿದಿಟ್ಟ ಹಣದ ಕಾಗದದ ಜೊತೆಗೇ ಪಿನ್ ಮಾಡಿಡಿ.